ನಾರಿನಂಶ ಮತ್ತು ಪ್ರಾಣಿಗಳ ಕರುಳಿನ ಉರಿಯೂತ

ಸಸ್ಯಾಹಾರದಲ್ಲಿದ್ದು, ಪ್ರಾಣಿಯ ಸ್ವಂತ ಜೀರ್ಣರಸಗಳಿಗೆ ಜಗ್ಗದೆ ಉಳಿಯುವ ಪದಾರ್ಥಗಳಿಗೆ ಒಟ್ಟಾಗಿ ನಾರಿನಂಶ ಎಂದು ಹೆಸರು. ಸಸ್ಯಕೋಶದ ಗೋಡೆಯನ್ನು ಕಟ್ಟುವ ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್, ಹಣ್ಣಿನ ತಿರುಳನ್ನು ಹಿಡಿದಿಡುವ ಪೆಕ್ಟಿನ್, ಓಟ್ಸ್ ಹಾಗೂ ಬಾರ್ಲಿಯ ಬೀಟಾ ಗ್ಲೂಕನ್, ಚಿಕೋರಿ ಬೇರು, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಇನ್ಯುಲಿನ್, ಬಗೆಬಗೆಯ ಅಂಟುಗಳು, ಜೀರ್ಣಕ್ಕೆ ಸಿಗದೆ ಜಾರಿಹೋಗುವ ಪಿಷ್ಟ, ಕಡ್ಡಿಗೆ ಗಡಸುತನ ಕೊಡುವ ಲಿಗ್ನಿನ್ ಇವೆಲ್ಲ ಈ ಹೆಸರಿನಡಿ ಬರುತ್ತವೆ. ಲಿಗ್ನಿನ್ ಒಂದನ್ನು ಬಿಟ್ಟರೆ ಉಳಿದವೆಲ್ಲ ಸಕ್ಕರೆಯ ಅಣುಗಳು ಸರಪಳಿಯಾಗಿ ಹೆಣೆದುಕೊಂಡು ಆದವು. ಆ ಸರಪಳಿಯ ಕೊಂಡಿಗಳನ್ನು ಬಿಡಿಸುವ ಕಿಣ್ವಗಳು ಹಸುವಿಗಾಗಲಿ ಹಂದಿಗಾಗಲಿ ಸ್ವಂತದ್ದಾಗಿ ಇಲ್ಲ. ಅವುಗಳ ಒಡಲಲ್ಲಿ ನೆಲೆಸಿರುವ ಬ್ಯಾಕ್ಟೀರಿಯ, ಶಿಲೀಂಧ್ರ ಮತ್ತು ಪ್ರೋಟೊಜೋವಗಳಲ್ಲಿವೆ. ಹಾಗಾಗಿ ನಾರು ಮೊದಲು ಒಡಲಿನ ಸೂಕ್ಷ್ಮಾಣುಗಳ ಊಟವಾಗುತ್ತದೆ, ಅವು ಉಂಡು ಹೊರಬಿಟ್ಟ ಪದಾರ್ಥಗಳು ಪ್ರಾಣಿಗೆ ಸಲ್ಲುತ್ತವೆ.

ಉರಿಯೂತವೆಂದರೆ ಅಂಗಾಂಶಕ್ಕೆ ಪೆಟ್ಟಾದಾಗ ಅಥವಾ ರೋಗಾಣು ಒಳನುಗ್ಗಿದಾಗ ರಕ್ತದಲ್ಲಿರುವ ರಕ್ಷಣಾ ಕೋಶಗಳು ಆ ಜಾಗಕ್ಕೆ ಧಾವಿಸಿ, ರಾಸಾಯನಿಕ ಸಂಕೇತಗಳನ್ನು ಹೊರಸೂಸಿ, ಊತ, ಕಾವು, ನೋವುಗಳನ್ನು ಉಂಟುಮಾಡುವ ಕ್ರಿಯೆ. ಚರ್ಮದ ಮೇಲೆ ಇದು ಗಾಯ ಮಾಯುವ ದಾರಿಯ ಮೊದಲ ಹೆಜ್ಜೆಯಾಗಿ ಕೆಲವು ದಿನಗಳಲ್ಲಿ ಶಮನವಾಗುತ್ತದೆ. ಕರುಳಿನ ಪರಿಸ್ಥಿತಿ ಬೇರೆ. ಅಲ್ಲಿ ಅಸಂಖ್ಯ ಸೂಕ್ಷ್ಮಾಣುಗಳು ಸದಾಕಾಲ ಒಳಗೋಡೆಗೆ ತೀರ ಸಮೀಪದಲ್ಲೇ ಇರುತ್ತವೆ. ಅವುಗಳನ್ನೆಲ್ಲ ವೈರಿಗಳೆಂದು ಎಣಿಸಿದರೆ ಕರುಳು ತನ್ನನ್ನೇ ಸುಟ್ಟುಕೊಳ್ಳುತ್ತದೆ, ಯಾವುದನ್ನೂ ಲೆಕ್ಕಿಸದಿದ್ದರೆ ರೋಗಾಣು ರಕ್ತಕ್ಕೆ ಇಳಿಯುತ್ತದೆ. ಈ ಎರಡರ ನಡುವಣ ಸಮತೋಲವನ್ನು ಕಾಯುವುದರಲ್ಲಿ ನಾರಿನಂಶಕ್ಕೆ ದೊಡ್ಡ ಪಾತ್ರವಿದೆ ಎಂಬುದು ಕಳೆದ ನಾಲ್ಕು ದಶಕಗಳ ಸಂಶೋಧನೆಯಿಂದ ಸ್ಪಷ್ಟವಾಗಿದೆ. ಆದರೆ ನಾರು ಉರಿಯೂತವನ್ನು ತಗ್ಗಿಸುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಯಾವ ನಾರು, ಯಾವ ಪ್ರಾಣಿಯ ಒಡಲಿನ ಯಾವ ಭಾಗದಲ್ಲಿ, ಯಾವ ಸೂಕ್ಷ್ಮಾಣುವಿನ ಬಾಯಿಗೆ, ಒಳಗೋಡೆ ಯಾವ ಸ್ಥಿತಿಯಲ್ಲಿದ್ದಾಗ ಸಿಕ್ಕಿತು ಎಂಬುದರ ಮೇಲೆ ಫಲ ನಿಂತಿದೆ. ಒಂದು ಪ್ರಾಣಿಯ ಕರುಳನ್ನು ತಣಿಸುವ ಪದಾರ್ಥವನ್ನೇ ಇನ್ನೊಂದು ಪ್ರಾಣಿಯಲ್ಲಿ ರೋಗ ಬರಿಸಲು ಬಳಸುತ್ತಾರೆ ಎಂಬುದು ಮುಂದೆ ಕುದುರೆಯ ಪ್ರಸಂಗದಲ್ಲಿ ಕಾಣುತ್ತದೆ.

ನಾರನ್ನು ಅಳೆಯುವ ಬಗೆ

ನಾರಿನ ಬಗೆಗಿನ ಗೊಂದಲಗಳಲ್ಲಿ ಅರ್ಧದಷ್ಟು ಅದನ್ನು ಅಳೆಯುವ ವಿಧಾನದಿಂದಲೇ ಹುಟ್ಟಿವೆ. ಜರ್ಮನಿಯ ಗೋಟಿಂಗನ್ ಬಳಿಯ ವೇಂಡೆ ಕೃಷಿ ಪ್ರಯೋಗಾಲಯದಲ್ಲಿ 1860ರ ದಶಕದಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ರೂಪಿಸಿದ ಕ್ರಮದಲ್ಲಿ ಮೇವನ್ನು ಮೊದಲು ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ ಕುದಿಸಿ, ಉಳಿದ ಚರಟವನ್ನು ಕಚ್ಚಾ ನಾರು ಎಂದು ಕರೆದರು. ಪಶು ಆಹಾರದ ಚೀಲಗಳ ಮೇಲೆ ಇಂದಿಗೂ ಅಚ್ಚಾಗುವ ಅಂಕಿ ಇದೇ. ಈ ಕುದಿತದಲ್ಲಿ ಹೆಮಿಸೆಲ್ಯುಲೋಸಿನ ಬಹುಪಾಲೂ ಲಿಗ್ನಿನ್ನಿನ ಒಂದು ಪಾಲೂ ಕರಗಿಹೋಗುತ್ತವೆ. ಪೆಕ್ಟಿನ್ ಮತ್ತು ಅಂಟುಗಳ ಸುಳಿವೇ ಸಿಗುವುದಿಲ್ಲ. ಅಮೆರಿಕದ ಪೀಟರ್ ವಾನ್ ಸೂಸ್ಟ್ 1960ರ ದಶಕದಲ್ಲಿ ಮಾರ್ಜಕದ ದ್ರಾವಣಗಳನ್ನು ಬಳಸಿ ಕೋಶಗೋಡೆಯ ಒಟ್ಟು ಅಂಶವನ್ನೂ ಅದರೊಳಗಿನ ಸೆಲ್ಯುಲೋಸ್ ಮತ್ತು ಲಿಗ್ನಿನ್ ಪಾಲನ್ನೂ ಬೇರೆ ಬೇರೆಯಾಗಿ ತೂಗುವ ಕ್ರಮವನ್ನು ತಂದರು. ಮೊದಲನೆಯದು ಎನ್‌ಡಿಎಫ್ ಎಂದೂ ಎರಡನೆಯದು ಎಡಿಎಫ್ ಎಂದೂ ಪಶು ಆಹಾರ ಶಾಸ್ತ್ರದಲ್ಲಿ ಬಳಕೆಯಲ್ಲಿವೆ. ಮೆಲುಕು ಹಾಕುವ ಪ್ರಾಣಿಗಳಿಗೆ ಇದು ಸಾಕಾಗುವ ಅಳತೆಯಾದರೂ ಕರಗುವ ನಾರುಗಳು ಇಲ್ಲಿಯೂ ಜಾರಿಹೋಗುತ್ತವೆ. ಮನುಷ್ಯಾಹಾರದ ಸಂದರ್ಭದಲ್ಲಿ ಆಹಾರದ ನಾರು ಎಂಬ ಮಾತನ್ನು ಮೊದಲು ಬಳಸಿದವರು ಹಿಪ್ಸ್‌ಲಿ, 1953ರಲ್ಲಿ.

ಉರಿಯೂತದ ದೃಷ್ಟಿಯಿಂದ ನಾರಿನ ಮೂರು ಗುಣಗಳು ಮುಖ್ಯ. ನೀರಿನಲ್ಲಿ ಕರಗುತ್ತದೆಯೇ, ಕರಗಿ ಅಂಟಿನಂತೆ ದಪ್ಪಗಾಗುತ್ತದೆಯೇ, ಸೂಕ್ಷ್ಮಾಣುಗಳಿಂದ ಬೇಗ ಹುದುಗುತ್ತದೆಯೇ ಎಂಬವೇ ಆ ಗುಣಗಳು. ಇವು ಸದಾ ಜೊತೆಗೂಡಿ ಬರುತ್ತವೆಂದು ಭಾವಿಸುವುದು ತಪ್ಪು. ಇನ್ಯುಲಿನ್ ಕರಗುತ್ತದೆ, ಬೇಗ ಹುದುಗುತ್ತದೆ, ಆದರೆ ದಪ್ಪಗಾಗುವುದಿಲ್ಲ. ಇಸಬ್‌ಗೋಲ್ ಹೊಟ್ಟು ಲೋಳೆಯಂತೆ ಉಬ್ಬಿದರೂ ಬಹುಪಾಲು ಹುದುಗದೆ ಹೊರಬೀಳುತ್ತದೆ. ಗೋಧಿಯ ಬೂಸಾ ಕರಗುವುದೂ ಕಡಿಮೆ, ಹುದುಗುವುದೂ ನಿಧಾನ. ನಾರಿನಂಶ ಶೇಕಡ ಇಷ್ಟು ಎಂಬ ಒಂದೇ ಅಂಕಿ ಈ ಭೇದಗಳನ್ನೆಲ್ಲ ಮುಚ್ಚಿಬಿಡುತ್ತದೆ.

ತಣಿಸುವ ದಾರಿಗಳು

ಗಾಳಿಯಾಡದ ದೊಡ್ಡಕರುಳಿನಲ್ಲಿ ಸೂಕ್ಷ್ಮಾಣುಗಳು ನಾರನ್ನು ಹುದುಗಿಸಿದಾಗ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಮೂರು ಕಿರು ಕೊಬ್ಬಿನಾಮ್ಲಗಳು ಮುಖ್ಯವಾಗಿ ಹುಟ್ಟುತ್ತವೆ. ಪ್ರಮಾಣದಲ್ಲಿ ಅಸಿಟೇಟ್ ಮುಂದಿದ್ದರೂ ಉರಿಯೂತದ ಕಥೆಯಲ್ಲಿ ಬ್ಯುಟಿರೇಟಿನದೇ ಮೇಲುಗೈ. ದೊಡ್ಡಕರುಳಿನ ಒಳಗೋಡೆಯ ಕೋಶಗಳು ರಕ್ತದ ಗ್ಲೂಕೋಸಿಗಿಂತ ಈ ಬ್ಯುಟಿರೇಟನ್ನೇ ಇಷ್ಟಪಟ್ಟು ಉರಿಸಿಕೊಳ್ಳುತ್ತವೆ, ಅವುಗಳ ಶಕ್ತಿಯ ಅಗತ್ಯದ ಸುಮಾರು ಶೇ. 70ರಷ್ಟು ಇದರಿಂದಲೇ ದೊರೆಯುತ್ತದೆ ಎಂಬುದನ್ನು 1980ರ ಸುಮಾರಿಗೆ ರೋಡಿಗರ್ ನಡೆಸಿದ ಪ್ರಯೋಗಗಳು ತೋರಿಸಿದವು. ದೇಹದ ಬೇರಾವ ಅಂಗಾಂಶವೂ ತನ್ನ ಅನ್ನಕ್ಕಾಗಿ ಬ್ಯಾಕ್ಟೀರಿಯಗಳನ್ನು ಇಷ್ಟರ ಮಟ್ಟಿಗೆ ಅವಲಂಬಿಸಿಲ್ಲ.

ಈ ಉರಿಸುವಿಕೆಯಿಂದ ಇನ್ನೊಂದು ಲಾಭವೂ ಇದೆ. ಬ್ಯುಟಿರೇಟ್ ಉರಿಯಲು ಆಮ್ಲಜನಕ ಬೇಕು. ಕೋಶಗಳು ರಕ್ತದಿಂದ ಬಂದ ಆಮ್ಲಜನಕವನ್ನು ತಾವೇ ಬಳಸಿ ಮುಗಿಸುವುದರಿಂದ ಕರುಳಿನ ಒಳಟೊಳ್ಳಿಗೆ ಅದು ಸೋರುವುದಿಲ್ಲ, ಆಮ್ಲಜನಕ ಸೋಕಿದರೆ ಸಾಯುವ ಒಳ್ಳೆಯ ಬ್ಯಾಕ್ಟೀರಿಯಗಳು ಬದುಕುತ್ತವೆ. ಬ್ಯುಟಿರೇಟ್ ಇಲ್ಲವಾದಾಗ ಕೋಶಗಳು ಗ್ಲೂಕೋಸಿನ ಕಡೆ ತಿರುಗುತ್ತವೆ, ಆಮ್ಲಜನಕ ಒಳಕ್ಕೆ ಸೋರುತ್ತದೆ, ಅದನ್ನು ಬಳಸಬಲ್ಲ ಇ. ಕೋಲಿ ಮತ್ತು ಸಾಲ್ಮೊನೆಲ್ಲಾದಂಥವು ಹಬ್ಬುತ್ತವೆ. ಪ್ರತಿಜೈವಿಕ ಔಷಧ ಕೊಟ್ಟು ಬ್ಯುಟಿರೇಟ್ ತಯಾರಕ ಬ್ಯಾಕ್ಟೀರಿಯಗಳನ್ನು ಅಳಿಸಿದ ಇಲಿಗಳಲ್ಲಿ ಈ ಸರಣಿಯನ್ನು 2017ರಲ್ಲಿ ಹೆಜ್ಜೆಹೆಜ್ಜೆಯಾಗಿ ಗುರುತಿಸಲಾಯಿತು.

ಕಿರು ಕೊಬ್ಬಿನಾಮ್ಲಗಳು ಇಂಧನವಾಗಿರುವಂತೆ ಸಂದೇಶವೂ ಹೌದು. ಕರುಳಿನ ಕೋಶಗಳ ಮತ್ತು ಬಿಳಿ ರಕ್ತಕಣಗಳ ಮೇಲ್ಮೈಯಲ್ಲಿ ಇವನ್ನು ಗುರುತಿಸುವ ಗ್ರಾಹಕಗಳಿವೆ. ಜಿಪಿಆರ್ 41, ಜಿಪಿಆರ್ 43, ಜಿಪಿಆರ್ 109ಎ ಎಂಬವು ಅವುಗಳಲ್ಲಿ ಮುಖ್ಯ. ಜಿಪಿಆರ್ 43 ಇಲ್ಲದಂತೆ ಮಾಡಿದ ಇಲಿಗಳಲ್ಲಿ ಕರುಳಿನ ಉರಿಯೂತ ಹತೋಟಿಗೆ ಬರದೆ ಮುಂದುವರಿಯುತ್ತದೆ ಎಂದೂ, ಹುಟ್ಟಿನಿಂದಲೇ ಸೂಕ್ಷ್ಮಾಣುಗಳ ಸಂಪರ್ಕವಿಲ್ಲದೆ ಬೆಳೆಸಿದ ಇಲಿಗಳಿಗೆ ಕುಡಿಯುವ ನೀರಿನಲ್ಲಿ ಅಸಿಟೇಟ್ ಬೆರೆಸಿ ಕೊಟ್ಟರೆ ಅವುಗಳ ಉರಿಯೂತ ತಗ್ಗುತ್ತದೆ ಎಂದೂ 2009ರ ಒಂದು ಅಧ್ಯಯನ ತೋರಿಸಿತು. 2013ರಲ್ಲಿ ಜಪಾನ್ ಮತ್ತು ಅಮೆರಿಕದ ಮೂರು ತಂಡಗಳು ಬಹುತೇಕ ಏಕಕಾಲದಲ್ಲಿ ಇನ್ನೂ ಆಳದ ಸಂಗತಿಯೊಂದನ್ನು ಮುಂದಿಟ್ಟವು: ರಕ್ಷಣಾ ವ್ಯವಸ್ಥೆಯ ಅತಿರೇಕಕ್ಕೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳು ಇಲಿಯ ದೊಡ್ಡಕರುಳಿನಲ್ಲಿ ಹೆಚ್ಚುವುದಕ್ಕೆ ಈ ಆಮ್ಲಗಳೇ ಕಾರಣ. ಬ್ಯುಟಿರೇಟ್ ಕೋಶದ ತಿರುಳಿನೊಳಗೆ ಹೊಕ್ಕು, ಡಿಎನ್‌ಎಯನ್ನು ಸುತ್ತಿಟ್ಟಿರುವ ಪ್ರೋಟೀನುಗಳ ಹಿಡಿತವನ್ನು ಸಡಿಲಿಸಿ, ಮುಚ್ಚಿದ್ದ ವಂಶವಾಹಿಗಳನ್ನು ತೆರೆಸುತ್ತದೆ. ಮೇವಿನ ಒಂದು ಕಡ್ಡಿ ಹೀಗೆ ಎರಡು ಮೂರು ಕೈ ದಾಟಿ ಪ್ರಾಣಿಯ ವಂಶವಾಹಿಯ ನಡೆಯನ್ನೇ ತಿದ್ದುತ್ತದೆಂಬುದು ಆಧುನಿಕ ಪೋಷಣಶಾಸ್ತ್ರದ ಅತ್ಯಂತ ಸೊಗಸಾದ ಶೋಧಗಳಲ್ಲಿ ಒಂದು.

ನಾರಿಲ್ಲದಿದ್ದಾಗ ಆಗುವ ಹಾನಿಯನ್ನು ತಿಳಿಯಲು ಲೋಳೆಯ ಪದರವನ್ನು ನೋಡಬೇಕು. ದೊಡ್ಡಕರುಳಿನ ಒಳಗೋಡೆ ಒಂದೇ ಸಾಲು ಕೋಶಗಳಷ್ಟು ತೆಳುವಾದದ್ದು. ಅದರ ಮೇಲೆ ಎಂಯುಸಿ 2 ಎಂಬ ಪ್ರೋಟೀನಿನಿಂದ ನೇಯ್ದ ಲೋಳೆಯ ಎರಡು ಪದರಗಳಿವೆ. ಹೊರಗಿನದರಲ್ಲಿ ಬ್ಯಾಕ್ಟೀರಿಯಗಳು ವಾಸಿಸುತ್ತವೆ, ಒಳಗಿನದು ಬಿಗಿಯಾಗಿದ್ದು ಅವುಗಳನ್ನು ಹತ್ತಿರ ಬಿಡುವುದಿಲ್ಲ. ಲೋಳೆಯೂ ಸಕ್ಕರೆಯ ಸರಪಳಿಗಳಿಂದ ಕೂಡಿದ್ದೇ ಆದ್ದರಿಂದ ಅದನ್ನು ತಿನ್ನಬಲ್ಲ ಬ್ಯಾಕ್ಟೀರಿಯಗಳಿವೆ. 2016ರಲ್ಲಿ ಲಕ್ಸೆಂಬರ್ಗ್ ಮತ್ತು ಮಿಶಿಗನ್‌ನ ಸಂಶೋಧಕರು ಸೂಕ್ಷ್ಮಾಣುರಹಿತ ಇಲಿಗಳ ಕರುಳಿಗೆ ಮನುಷ್ಯರ ಕರುಳಿನ 14 ಬಗೆಯ ಬ್ಯಾಕ್ಟೀರಿಯಗಳನ್ನು ಮಾತ್ರ ಬಿಟ್ಟು, ಒಂದು ಗುಂಪಿಗೆ ನಾರುಳ್ಳ ಆಹಾರವನ್ನೂ ಇನ್ನೊಂದಕ್ಕೆ ನಾರೇ ಇಲ್ಲದ ಆಹಾರವನ್ನೂ ಕೊಟ್ಟರು. ನಾರು ನಿಂತ ಗುಂಪಿನಲ್ಲಿ ಅಕರ್ಮಾನ್ಸಿಯಾ ಮ್ಯೂಸಿನಿಫಿಲಾ ಮತ್ತು ಬ್ಯಾಕ್ಟೀರಾಯ್ಡಿಸ್ ಕ್ಯಾಕೆ ಎಂಬ ಲೋಳೆಭಕ್ಷಕಗಳು ಹೆಚ್ಚಿದವು, ಲೋಳೆಯ ಪದರ ಸವೆದು ತೆಳುವಾಯಿತು. ಆ ಸ್ಥಿತಿಯಲ್ಲಿ ಸಿಟ್ರೊಬ್ಯಾಕ್ಟರ್ ರೊಡೆಂಟಿಯಂ ಎಂಬ ಇಲಿಗಳ ರೋಗಾಣುವನ್ನು ಬಿಟ್ಟಾಗ ನಾರು ತಿಂದ ಇಲಿಗಳು ಹೆಚ್ಚು ಬಾಧೆಯಿಲ್ಲದೆ ಚೇತರಿಸಿಕೊಂಡವು, ನಾರಿಲ್ಲದವು ತೀವ್ರ ಉರಿಯೂತಕ್ಕೆ ತುತ್ತಾದವು. ಶುದ್ಧೀಕರಿಸಿದ ಕರಗುವ ನಾರುಗಳನ್ನು ಪುಡಿಯಾಗಿ ಬೆರೆಸಿ ಕೊಟ್ಟದ್ದರಿಂದ ಲೋಳೆ ಉಳಿಯಲಿಲ್ಲ. ಇಡೀ ಸಸ್ಯದ ನಾರಷ್ಟೇ ಅದನ್ನು ಕಾಯಿತು. ಉಪವಾಸ ಬಿದ್ದ ಬ್ಯಾಕ್ಟೀರಿಯ ಮನೆಯ ಗೋಡೆಯನ್ನೇ ಮೇಯತೊಡಗುತ್ತದೆ ಎಂಬ ಈ ಚಿತ್ರ ನಾರಿನ ಅಗತ್ಯವನ್ನು ಬೇರೆಲ್ಲ ವಾದಗಳಿಗಿಂತ ಚೆನ್ನಾಗಿ ಮನಗಾಣಿಸುತ್ತದೆ.

ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ನಾರು ಕಡಿಮೆಯಿರುವ ಆಹಾರವನ್ನು ಇಲಿಗಳ ನಾಲ್ಕು ತಲೆಮಾರುಗಳಿಗೆ ಕೊಟ್ಟು ನೋಡಲಾಯಿತು. ಪ್ರತಿ ತಲೆಮಾರಿನಲ್ಲೂ ಕರುಳಿನ ಬ್ಯಾಕ್ಟೀರಿಯಗಳ ವೈವಿಧ್ಯ ಕುಗ್ಗುತ್ತ ಹೋಯಿತು. ಕೊನೆಯ ತಲೆಮಾರಿಗೆ ಮತ್ತೆ ನಾರು ಕೊಟ್ಟರೂ ಕಳೆದುಹೋದ ಬಗೆಗಳು ಮರಳಲಿಲ್ಲ, ಹೊರಗಿನಿಂದ ಅವುಗಳನ್ನು ಸೇರಿಸಿದ ಮೇಲೆಯೇ ಕೂಟ ಪೂರ್ಣವಾಯಿತು.

ಫಲ ತಿರುಗುಮುರುಗಾಗುವ ಸಂದರ್ಭಗಳು

ಪ್ರಯೋಗಾಲಯದಲ್ಲಿ ಕರುಳಿನ ಉರಿಯೂತವನ್ನು ಬರಿಸಲು ಹೆಚ್ಚಾಗಿ ಡಿಎಸ್‌ಎಸ್ ಎಂಬ ಗಂಧಕಯುಕ್ತ ಶರ್ಕರವನ್ನು ಕುಡಿಯುವ ನೀರಿನಲ್ಲಿ ಬೆರೆಸುತ್ತಾರೆ. ಇಲಿಗಳಲ್ಲಿ ಈ ಮಾದರಿಯನ್ನು 1990ರಲ್ಲಿ ಜಪಾನಿನ ವಿಜ್ಞಾನಿಗಳು ವಿವರಿಸಿದರು. ಈ ಮಾದರಿಯಲ್ಲಿ ಪೆಕ್ಟಿನ್ ರಕ್ಷಣೆ ನೀಡಿದರೆ ಇನ್ಯುಲಿನ್ ಉರಿಯೂತವನ್ನು ಹೆಚ್ಚಿಸಿದ ವರದಿ 2019ರಲ್ಲಿ ಬಂತು. ಎರಡೂ ಕರಗುವ, ಹುದುಗುವ ನಾರುಗಳೇ. 2022ರ ಅಧ್ಯಯನವೊಂದು ಇಲಿಗಳಲ್ಲಿ ಇನ್ಯುಲಿನ್ ಪಿತ್ತಾಮ್ಲಗಳ ಪ್ರಮಾಣವನ್ನು ಬದಲಿಸಿ, ಹುಳುಬಾಧೆ ಮತ್ತು ಅಲರ್ಜಿಗಳಲ್ಲಿ ಕಾಣುವ ಇಯೊಸಿನೊಫಿಲ್ ಕೋಶಗಳ ಉರಿಯೂತವನ್ನು ಕೆರಳಿಸುತ್ತದೆ ಎಂದು ತೋರಿಸಿತು. ರಕ್ಷಣಾ ಗ್ರಾಹಕವೊಂದು ಇಲ್ಲದ ಇಲಿಗಳಿಗೆ ಶುದ್ಧ ಇನ್ಯುಲಿನ್ ಬೆರೆಸಿದ ಆಹಾರವನ್ನು ಬಹುಕಾಲ ಕೊಟ್ಟಾಗ ಅವುಗಳಲ್ಲಿ ಕೆಲವಕ್ಕೆ ಯಕೃತ್ತಿನ ಕ್ಯಾನ್ಸರ್ ಬಂದದ್ದನ್ನು 2018ರ ಇನ್ನೊಂದು ಅಧ್ಯಯನ ದಾಖಲಿಸಿದೆ. ಇತ್ತ ಇಸಬ್‌ಗೋಲ್ ಹೊಟ್ಟು ಹೆಚ್ಚು ಹುದುಗದಿದ್ದರೂ ಇಲಿಗಳನ್ನು ಉರಿಯೂತದಿಂದ ಚೆನ್ನಾಗಿ ಕಾಯಿತು. ಅದರ ಪರಿಣಾಮ ಕಿರು ಕೊಬ್ಬಿನಾಮ್ಲಗಳ ದಾರಿಯದಲ್ಲ, ಪಿತ್ತಾಮ್ಲಗಳನ್ನು ಗುರುತಿಸುವ ಗ್ರಾಹಕದ ದಾರಿಯದು ಎಂದು 2023ರಲ್ಲಿ ತಿಳಿದುಬಂತು.

ಬ್ಯುಟಿರೇಟೂ ಸದಾ ಹಿತಕಾರಿಯಲ್ಲ. ಕರುಳಿನ ಗೋಡೆಯ ಗುಳಿಗಳ ತಳದಲ್ಲಿರುವ ಮೂಲಕೋಶಗಳು ವಿಭಜಿಸಿ ಹೊಸ ಕೋಶಗಳನ್ನು ಹುಟ್ಟಿಸುತ್ತಿರುತ್ತವೆ. ಬ್ಯುಟಿರೇಟ್ ತಾಗಿದರೆ ಆ ವಿಭಜನೆ ನಿಲ್ಲುತ್ತದೆ. ಆರೋಗ್ಯವಂತ ಕರುಳಿನಲ್ಲಿ ಮೇಲಿನ ಕೋಶಗಳು ಬ್ಯುಟಿರೇಟನ್ನೆಲ್ಲ ಉರಿಸಿ ಮುಗಿಸುವುದರಿಂದ ಅದು ತಳಕ್ಕೆ ಇಳಿಯುವುದಿಲ್ಲ. ಗೋಡೆ ಹುಣ್ಣಾಗಿ ಆ ಕೋಶಗಳು ಉದುರಿದ್ದರೆ ಬ್ಯುಟಿರೇಟ್ ನೇರವಾಗಿ ಮೂಲಕೋಶಗಳನ್ನು ಮುಟ್ಟಿ ಗಾಯ ಮಾಯುವುದನ್ನು ತಡೆಯಬಹುದೆಂದು 2016ರಲ್ಲಿ ಇಲಿಗಳಲ್ಲಿ ಕಂಡುಬಂತು. ರೋಗ ತಡೆಯುವ ಪಥ್ಯವೂ ರೋಗಿಯ ಪಥ್ಯವೂ ಒಂದೇ ಆಗಬೇಕಿಲ್ಲ ಎಂದು ಪಶುವೈದ್ಯರು ಅನುಭವದಿಂದ ಹೇಳುತ್ತ ಬಂದ ಮಾತಿಗೆ ಇಲ್ಲಿ ಕೋಶಮಟ್ಟದ ಕಾರಣ ದೊರೆಯುತ್ತದೆ.

ಇಂಥ ವಿರೋಧಗಳಲ್ಲಿ ಒಂದು ಪಾಲು ಪ್ರಯೋಗದ ರೂಢಿಯಿಂದಲೂ ಬಂದಿದೆ. ಇಲಿಗಳಿಗೆ ಧಾನ್ಯ, ಸೋಯಾ, ಸೊಪ್ಪುಗಳಿಂದ ಮಾಡಿದ ಸಾಮಾನ್ಯ ಆಹಾರವನ್ನೋ ಪಿಷ್ಟ, ಕೇಸೀನ್, ಎಣ್ಣೆಗಳನ್ನು ಅಳೆದು ಬೆರೆಸಿದ ಶುದ್ಧೀಕೃತ ಆಹಾರವನ್ನೋ ಕೊಡುತ್ತಾರೆ. 1993ರಲ್ಲಿ ಪ್ರಕಟವಾದ, ಜಗತ್ತಿನಾದ್ಯಂತ ಬಳಕೆಯಲ್ಲಿರುವ ಶುದ್ಧೀಕೃತ ಆಹಾರದ ಸೂತ್ರದಲ್ಲಿ ನಾರೆಂದರೆ ಶೇ. 5ರಷ್ಟು ಸೆಲ್ಯುಲೋಸ್ ಮಾತ್ರ. ಅದನ್ನು ಇಲಿಯ ಕರುಳಿನ ಬ್ಯಾಕ್ಟೀರಿಯಗಳು ಅಷ್ಟಾಗಿ ಹುದುಗಿಸಲಾರವು. ಕೊಬ್ಬು ಹೆಚ್ಚಿರುವ ಶುದ್ಧೀಕೃತ ಆಹಾರವನ್ನು ಒಂದು ಗುಂಪಿಗೂ ಸಾಮಾನ್ಯ ಧಾನ್ಯಾಹಾರವನ್ನು ಇನ್ನೊಂದಕ್ಕೂ ಕೊಟ್ಟು, ಕಂಡ ಉರಿಯೂತವನ್ನೆಲ್ಲ ಕೊಬ್ಬಿನ ತಲೆಗೆ ಕಟ್ಟಿದ ಅಧ್ಯಯನಗಳು ಹಲವು. ನಾರಿನ ಕೊರತೆ ಆ ಲೆಕ್ಕದಲ್ಲಿ ಬಂದೇ ಇಲ್ಲ.

ಹಂದಿ ಮತ್ತು ಕೋಳಿ

ಸಾಕಣೆಯ ಹಂದಿಮರಿಗಳನ್ನು ಯುರೋಪಿನಲ್ಲಿ ಮೂರು ನಾಲ್ಕು ವಾರಗಳಿಗೇ ತಾಯಿಯಿಂದ ಬಿಡಿಸುತ್ತಾರೆ. ಹಾಲು ತಪ್ಪಿದ ಮೊದಲ ದಿನಗಳಲ್ಲಿ ಅವು ತಿನ್ನುವುದು ಕಡಿಮೆ. ಸಣ್ಣಕರುಳಿನ ಒಳಗಿನ ಬೆರಳಿನಂಥ ಮಡಿಕೆಗಳು ಕುಗ್ಗಿ, ಗೋಡೆಯಲ್ಲಿ ಉರಿಯೂತ ತಲೆದೋರಿ, ವಿಷ ಹೊರಸೂಸುವ ಇ. ಕೋಲಿ ಹಬ್ಬಿ ಬೇಧಿಯಾಗುತ್ತದೆ. ಇದನ್ನು ತಡೆಯಲು ದಶಕಗಳ ಕಾಲ ಮೇವಿನಲ್ಲಿ ಪ್ರತಿಜೈವಿಕಗಳನ್ನೂ ಸತುವಿನ ಆಕ್ಸೈಡನ್ನೂ ಬೆರೆಸುತ್ತಿದ್ದರು. ಯುರೋಪಿಯನ್ ಒಕ್ಕೂಟ ಬೆಳವಣಿಗೆಗಾಗಿ ಕೊಡುವ ಪ್ರತಿಜೈವಿಕಗಳನ್ನು 2006ರ ಜನವರಿಯಿಂದಲೂ ಔಷಧ ಪ್ರಮಾಣದ ಸತುವಿನ ಆಕ್ಸೈಡನ್ನು 2022ರ ಜೂನ್‌ನಿಂದಲೂ ನಿಷೇಧಿಸಿದ ಮೇಲೆ ನಾರಿನ ಕಡೆಗೆ ಗಮನ ಹರಿಯಿತು. ಓಟ್ಸ್ ಹೊಟ್ಟು, ಗೋಧಿ ಬೂಸಾಗಳಂಥ ಕರಗದ ನಾರನ್ನು ಮಿತವಾಗಿ ಬೆರೆಸಿದರೆ ಬೇಧಿ ತಗ್ಗುತ್ತದೆ. ಆಹಾರ ಕರುಳಿನಲ್ಲಿ ನಿಲ್ಲದೆ ಸಾಗುತ್ತದೆ, ಬ್ಯಾಕ್ಟೀರಿಯಗಳು ಗೋಡೆಗೆ ಅಂಟುವ ಬದಲು ಹೊಟ್ಟಿನ ಕಣಗಳಿಗೆ ಅಂಟಿ ಹೊರಬೀಳುತ್ತವೆ. ಗೋರಿಕಾಯಿ ಬೀಜದ ಅಂಟಿನಂಥ ದಪ್ಪಗಾಗುವ ನಾರನ್ನು ಅದೇ ವಯಸ್ಸಿನ ಮರಿಗಳಿಗೆ ಕೊಟ್ಟಾಗ ಇ. ಕೋಲಿ ಹೆಚ್ಚಿತೆಂದು ಆಸ್ಟ್ರೇಲಿಯದ ಪ್ರಯೋಗಗಳು ತೋರಿಸಿವೆ.

ದೊಡ್ಡ ಹಂದಿಗಳ ರಕ್ತಬೇಧಿಯ ವಿಷಯದಲ್ಲಿ ವಾದ ಇನ್ನೂ ತೊಡಕಿನದು. ಬ್ರಾಕಿಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯದಿಂದ ಬರುವ ಈ ರೋಗದಲ್ಲಿ ದೊಡ್ಡಕರುಳು ಉರಿದು ರಕ್ತ ಮತ್ತು ಲೋಳೆ ಬೀಳುತ್ತದೆ. 1990ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ಬೇಯಿಸಿದ ಅನ್ನವೇ ಮುಖ್ಯವಾದ, ದೊಡ್ಡಕರುಳಿಗೆ ಏನೂ ಉಳಿಯದಂಥ ಆಹಾರ ಕೊಟ್ಟ ಹಂದಿಗಳು ರೋಗದಿಂದ ಪಾರಾದವು. ಹಾಗಾದರೆ ಹುದುಗುವ ನಾರೇ ರೋಗಕ್ಕೆ ಇಂಬು ಎಂಬ ತೀರ್ಮಾನ ಸಹಜವಾಗಿತ್ತು. ಮುಂದೆ 2007ರಲ್ಲಿ ಡೆನ್ಮಾರ್ಕಿನಲ್ಲಿ ಚಿಕೋರಿ ಬೇರು ಮತ್ತು ಲೂಪಿನ್ ಕಾಳು ಬೆರೆಸಿದ, ಎಂದರೆ ಹುದುಗುವ ನಾರು ಹೇರಳವಾಗಿರುವ ಆಹಾರವೂ ಹಂದಿಗಳನ್ನು ಕಾಯಿತು. ಮೊದಲನೆಯದರಲ್ಲಿ ರೋಗಾಣುವಿಗೆ ಆಸರೆಯೇ ಇಲ್ಲ, ಎರಡನೆಯದರಲ್ಲಿ ಬಿಫಿಡೊಬ್ಯಾಕ್ಟೀರಿಯದಂಥ ಸ್ಪರ್ಧಿಗಳು ತುಂಬಿದ್ದಾರೆ ಎಂದು ಎರಡನ್ನೂ ಒಟ್ಟಿಗೆ ಅರ್ಥಮಾಡಿಕೊಳ್ಳಬಹುದು.

ಕೋಳಿಯ ಕರುಳು ಚಿಕ್ಕದು, ಆಹಾರ ಬೇಗ ಸಾಗುತ್ತದೆ. ಗೋಧಿ, ರೈ, ಬಾರ್ಲಿಗಳ ಕರಗುವ ಅರಬಿನೊಕ್ಸೈಲನ್ ಮತ್ತು ಬೀಟಾ ಗ್ಲೂಕನ್‌ಗಳು ಕರುಳಿನ ರಸವನ್ನು ಗಂಜಿಯಂತೆ ಮಂದವಾಗಿಸಿ ಜೀರ್ಣವನ್ನು ತಡೆಯುತ್ತವೆ. ಉಳಿದ ಪ್ರೋಟೀನು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್ ಎಂಬ ರೋಗಾಣುವಿಗೆ ಆಹಾರವಾಗಿ, ಕರುಳಿನ ಒಳಪದರವೇ ಕೊಳೆಯುವ ನೆಕ್ರೋಟಿಕ್ ಎಂಟರೈಟಿಸ್ ಬರುತ್ತದೆ. ಮೇವಿಗೆ ಕ್ಸೈಲನೇಸ್ ಕಿಣ್ವ ಬೆರೆಸಿ ಆ ಸರಪಳಿಗಳನ್ನು ತುಂಡರಿಸುವುದು ಇದಕ್ಕೆ ಕಂಡುಕೊಂಡ ಪರಿಹಾರ. ಮೆಕ್ಕೆಜೋಳ ಮತ್ತು ಸೋಯಾವನ್ನೇ ನೆಚ್ಚಿರುವ ಭಾರತದ ಕೋಳಿ ಮೇವಿನಲ್ಲಿ ಈ ತೊಂದರೆ ಕಡಿಮೆ. ಒರಟು ಹೊಟ್ಟಿನ ಕರಗದ ನಾರಿನ ಪರಿಣಾಮ ಕೋಳಿಯಲ್ಲಿ ಬೇರೆ ಬಗೆಯದು: ಅದು ಗಿಜರ್ಡ್ ಎಂಬ ಅರೆಯುವ ಜಠರಕ್ಕೆ ಕೆಲಸ ಕೊಟ್ಟು ಅದರ ಸ್ನಾಯುವನ್ನು ಬಲಪಡಿಸುತ್ತದೆ, ಆಹಾರ ಅಲ್ಲಿ ಹೆಚ್ಚು ಹೊತ್ತು ಆಮ್ಲದಲ್ಲಿ ನೆನೆಯುವುದರಿಂದ ಕೆಳಕ್ಕಿಳಿಯುವ ರೋಗಾಣುಗಳು ಕಡಿಮೆಯಾಗುತ್ತವೆ.

ಕುದುರೆ ಮತ್ತು ಮೊಲ

ಕುದುರೆ ಹಿಂಗರುಳಿನಲ್ಲಿ ಹುದುಗಿಸುವ ಪ್ರಾಣಿ. ಇಡೀ ದಿನ ಒರಟು ಹುಲ್ಲನ್ನು ಸ್ವಲ್ಪಸ್ವಲ್ಪವಾಗಿ ಮೇಯುವುದಕ್ಕೆ ಹೊಂದಿಕೊಂಡಿರುವ ಅದರ ದೇಹಕ್ಕೆ ಒಮ್ಮೆಗೇ ಬಹಳ ಧಾನ್ಯ ಬಿದ್ದರೆ ಪಿಷ್ಟ ಸಣ್ಣಕರುಳಿನಲ್ಲಿ ಜೀರ್ಣವಾಗದೆ ಕುರುಡುಕರುಳಿಗೆ ಜಾರುತ್ತದೆ. ಅಲ್ಲಿ ಸ್ಟ್ರೆಪ್ಟೊಕಾಕಸ್‌ಗಳು ಕ್ಷಿಪ್ರವಾಗಿ ಹೆಚ್ಚಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ಗೋಡೆ ಸುಟ್ಟಂತಾಗಿ ಸೋರತೊಡಗುತ್ತದೆ, ಪರಿಣಾಮ ಗೊರಸಿನ ತನಕ ಹೋಗಿ ಅಲ್ಲಿನ ಪದರಗಳು ಬಿಡುವ ಲ್ಯಾಮಿನೈಟಿಸ್ ಎಂಬ ಘೋರ ನೋವಿನ ರೋಗವಾಗುತ್ತದೆ. ಈ ರೋಗವನ್ನು ಅಧ್ಯಯನಕ್ಕಾಗಿ ಬರಿಸಲು ಆಸ್ಟ್ರೇಲಿಯದ ವಿಜ್ಞಾನಿಗಳು 2006ರಲ್ಲಿ ಆರಿಸಿಕೊಂಡ ಪದಾರ್ಥ ಧಾನ್ಯವಲ್ಲ, ಒಲಿಗೊಫ್ರಕ್ಟೋಸ್. ಅದು ಇನ್ಯುಲಿನ್ನಿನ ಹತ್ತಿರದ ನೆಂಟ, ಮನುಷ್ಯರ ಆಹಾರದಲ್ಲಿ ಕರುಳಿಗೆ ಹಿತವೆಂದು ಬೆರೆಸುವ ನಾರು. ದೇಹತೂಕದ ಪ್ರತಿ ಕಿಲೋಗೆ 10 ಗ್ರಾಮಿನಂತೆ ಒಮ್ಮೆಲೇ ಕೊಟ್ಟಾಗ ಅದು ಕುರುಡುಕರುಳಿನಲ್ಲಿ ಸಕ್ಕರೆಯಷ್ಟೇ ವೇಗವಾಗಿ ಹುದುಗಿತು. ತಂಪು ರಾತ್ರಿಗಳಲ್ಲಿ ಹುಲ್ಲಿನಲ್ಲೂ ಇಂಥದೇ ಫ್ರಕ್ಟಾನ್‌ಗಳು ಶೇಖರವಾಗುವುದರಿಂದ ಶೀತದೇಶಗಳ ಸೊಂಪಾದ ಹುಲ್ಲುಗಾವಲುಗಳೂ ಕುದುರೆಗೆ ಅಪಾಯ ತರಬಲ್ಲವು.

ಮೊಲಕ್ಕೆ ನಿಧಾನವಾಗಿ ಹುದುಗುವ ಒರಟು ನಾರು ಪ್ರಾಣಾಧಾರ. ಅದು ಕಡಿಮೆಯಾದರೆ ಕರುಳಿನ ಚಲನೆ ಕುಂದಿ, ಕುರುಡುಕರುಳಿನಲ್ಲಿ ಕ್ಲಾಸ್ಟ್ರಿಡಿಯಂಗಳು ಹೆಚ್ಚಿ, ತಾಯಿಯನ್ನು ಬಿಟ್ಟ ಮರಿಗಳು ಉರಿಯೂತ ಮತ್ತು ಬೇಧಿಯಿಂದ ಸಾಯುತ್ತವೆ. ಫ್ರಾನ್ಸಿನ ತುಲೂಸ್‌ನಲ್ಲಿ ನಡೆದ ದೀರ್ಘಕಾಲದ ಸಂಶೋಧನೆಗಳಿಂದಾಗಿ ಮೊಲದ ಮೇವಿನಲ್ಲಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ಎರಡಕ್ಕೂ ಕನಿಷ್ಠ ಪ್ರಮಾಣ ನಿಗದಿಯಾಗಿದೆ.

ಮೆಲುಕು ಹಾಕುವ ಪ್ರಾಣಿಗಳು

ಹಸು, ಎಮ್ಮೆ, ಕುರಿ, ಮೇಕೆಗಳಲ್ಲಿ ಹುದುಗುವಿಕೆ ಕರುಳಿಗೂ ಮುಂಚೆ, ರೂಮೆನ್ ಎಂಬ ಮೊದಲ ಹೊಟ್ಟೆಯಲ್ಲಿ ನಡೆಯುತ್ತದೆ. ದೊಡ್ಡ ಹಸುವಿನ ರೂಮೆನ್ ನೂರು ಲೀಟರಿಗೂ ಹೆಚ್ಚು ಹಿಡಿಯುವ ತೊಟ್ಟಿ. ಅದರ ಒಳಗೋಡೆ ಚರ್ಮದಂತೆ ಹಲವು ಪದರಗಳದ್ದಾದರೂ ದೊಡ್ಡಕರುಳಿಗಿರುವಂತೆ ಲೋಳೆಯ ಕವಚ ಅದಕ್ಕಿಲ್ಲ. ಅಲ್ಲಿ ಹುಟ್ಟುವ ಆಮ್ಲವನ್ನು ಶಮನಗೊಳಿಸುವುದು ಜೊಲ್ಲು; ಒಣಮೇವನ್ನು ಅಗಿಯುತ್ತ, ದಿನಕ್ಕೆ ಎಂಟು ಗಂಟೆಯವರೆಗೆ ಮೆಲುಕು ಹಾಕುತ್ತ ಹಸು ನೂರು ಲೀಟರಿಗೂ ಮಿಕ್ಕಿ ಸುರಿಸುವ ಜೊಲ್ಲಿನಲ್ಲಿ ಸೋಡಾ ಬೈಕಾರ್ಬೊನೇಟ್ ಕರಗಿರುತ್ತದೆ. ಹೀಗಾಗಿ ಇಲ್ಲಿ ನಾರಿನ ರಸಾಯನಕ್ಕಿಂತ ಅದರ ಉದ್ದವೇ ಮೊದಲು ಲೆಕ್ಕಕ್ಕೆ ಬರುತ್ತದೆ. ಹುಲ್ಲನ್ನು ಹಿಟ್ಟಿನಂತೆ ಪುಡಿಮಾಡಿ ಕೊಟ್ಟರೆ ಪ್ರಯೋಗಾಲಯದ ಅಂಕಿಯಲ್ಲಿ ನಾರು ಅಷ್ಟೇ ಇದ್ದರೂ ಹಸು ಮೆಲುಕು ಹಾಕುವುದಿಲ್ಲ, ಜೊಲ್ಲು ಸುರಿಯುವುದಿಲ್ಲ. ಮೆಲುಕನ್ನು ಪ್ರಚೋದಿಸಬಲ್ಲ ಈ ಉದ್ದನೆಯ ಭಾಗಕ್ಕೆ ಭೌತಿಕವಾಗಿ ಪರಿಣಾಮಕಾರಿಯಾದ ನಾರು ಎಂಬ ಪರಿಕಲ್ಪನೆಯನ್ನು 1997ರಲ್ಲಿ ಡೇವಿಡ್ ಮರ್ಟೆನ್ಸ್ ಸ್ಪಷ್ಟಗೊಳಿಸಿ, 1.18 ಮಿಲಿಮೀಟರ್ ಕಣ್ಣಿನ ಜರಡಿಯ ಮೇಲೆ ಉಳಿಯುವ ಪಾಲನ್ನು ಅದರ ಅಳತೆಯಾಗಿ ಸೂಚಿಸಿದರು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2001ರಲ್ಲಿ ಹಾಲು ಕೊಡುವ ಹಸುಗಳ ಆಹಾರದ ಒಣತೂಕದಲ್ಲಿ ಕನಿಷ್ಠ ಶೇ. 25 ಎನ್‌ಡಿಎಫ್ ಇರಬೇಕು, ಆ 25ರಲ್ಲಿ 19ರಷ್ಟು ಮೇವಿನಿಂದಲೇ ಬರಬೇಕು ಎಂದಿತು.

ಹಾಲಿನ ಆಸೆಗೆ ದಾಣಿ ಹೆಚ್ಚಿಸಿ ಒಣಹುಲ್ಲು ಕಡಿಮೆ ಮಾಡಿದಾಗ ರೂಮೆನ್‌ನ ಪಿಎಚ್ ದಿನದಲ್ಲಿ ಹಲವು ಗಂಟೆಗಳ ಕಾಲ 5.6ಕ್ಕಿಂತ ಕೆಳಗೆ ಇಳಿಯುತ್ತದೆ. ಹೊರಗೆ ಎದ್ದು ಕಾಣುವ ಲಕ್ಷಣಗಳಿಲ್ಲದ ಈ ಸ್ಥಿತಿಗೆ ಸುಪ್ತ ಆಮ್ಲತೆ ಎನ್ನಬಹುದು. ಆಮ್ಲ ತಾಳದೆ ಸಾಯುವ ಬ್ಯಾಕ್ಟೀರಿಯಗಳ ಹೊರಪೊರೆಯಿಂದ ಲಿಪೊಪಾಲಿಸ್ಯಾಕರೈಡ್ ಎಂಬ ಒಳವಿಷ ಬಿಡುಗಡೆಯಾಗುತ್ತದೆ. ಸೋರುವ ಗೋಡೆಯಿಂದ ಅದು ರಕ್ತಕ್ಕಿಳಿದರೆ ಯಕೃತ್ತು ಹ್ಯಾಪ್ಟೊಗ್ಲೋಬಿನ್ ಮತ್ತು ಸೀರಮ್ ಅಮಿಲಾಯ್ಡ್ ಎ ಎಂಬ ಉರಿಯೂತಸೂಚಕ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ. ಹುಣ್ಣಾದ ಗೋಡೆಯ ಮೂಲಕ ಫ್ಯೂಸೊಬ್ಯಾಕ್ಟೀರಿಯಂ ನೆಕ್ರೊಫೋರಂ ರಕ್ತ ಸೇರಿ ಯಕೃತ್ತಿನಲ್ಲಿ ಕೀವುಗಡ್ಡೆ ಕಟ್ಟುತ್ತದೆ. ಹಾಲಿನ ಕೊಬ್ಬು ಇಳಿಯುವುದು, ಸಗಣಿ ತೆಳುವಾಗಿ ನೊರೆಗಟ್ಟುವುದು, ಹಸು ಕುಂಟುವುದು ಇವೇ ರೈತನ ಕಣ್ಣಿಗೆ ಬೀಳುವ ಗುರುತುಗಳು.

ಕರ್ನಾಟಕದ ಪಶುವೈದ್ಯರಿಗೆ ಇದರ ತೀವ್ರರೂಪ ಬಹಳ ಪರಿಚಿತ. ಮದುವೆ, ಜಾತ್ರೆಗಳಲ್ಲಿ ಉಳಿದ ಅನ್ನ, ಪಾಯಸ, ಹೋಳಿಗೆಯನ್ನು ಎಸೆಯಲು ಮನಸ್ಸು ಬಾರದೆ ಪ್ರೀತಿಯಿಂದಲೇ ದನಕ್ಕೆ ಇಡುವುದರಿಂದಲೂ, ಕಣದಲ್ಲಿ ರಾಶಿ ಹಾಕಿದ ಜೋಳ, ಮೆಕ್ಕೆಜೋಳಕ್ಕೆ ಹಗ್ಗ ಬಿಚ್ಚಿಕೊಂಡ ದನ ಬಾಯಿ ಹಾಕುವುದರಿಂದಲೂ ಒಂದೆರಡು ದಿನಗಳೊಳಗೆ ರೂಮೆನ್ ಲ್ಯಾಕ್ಟಿಕ್ ಆಮ್ಲದಿಂದ ತುಂಬುತ್ತದೆ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬರಿಸಿ ಒಳಗೆ ನೀರು ತುಳುಕುವ ಸದ್ದು ಕೇಳುತ್ತದೆ, ದೇಹದ ನೀರು ರೂಮೆನ್ನಿಗೆ ಎಳೆಯಲ್ಪಟ್ಟು ಕಣ್ಣು ಗುಳಿಬೀಳುತ್ತದೆ, ದನ ನೆಲ ಹಿಡಿಯುತ್ತದೆ. ಅಡುಗೆ ಸೋಡಾ ಕುಡಿಸುವುದು, ರಕ್ತನಾಳಕ್ಕೆ ದ್ರವ ಕೊಡುವುದು, ಮಿತಿಮೀರಿದರೆ ರೂಮೆನ್ ಕೊಯ್ದು ಬರಿದುಮಾಡುವುದು ಚಿಕಿತ್ಸೆ. ಬದುಕಿ ಉಳಿದ ದನಗಳಲ್ಲೂ ರೂಮೆನ್ ಗೋಡೆಯ ಸುಟ್ಟ ಗಾಯದಲ್ಲಿ ಶಿಲೀಂಧ್ರ ಬೆಳೆದು ವಾರ ಕಳೆದ ಮೇಲೆ ಸಾವು ಬರುವುದುಂಟು. ಒಂದು ಹೊತ್ತಿನ ಅನ್ನದಿಂದ ಇಷ್ಟು ದೊಡ್ಡ ನಷ್ಟ ಆಗುತ್ತದೆಂಬ ತಿಳಿವಳಿಕೆ ಪ್ರತಿ ಕೊಟ್ಟಿಗೆಗೂ ತಲುಪಬೇಕಾದದ್ದು.

ಹಳೆ ಮೈಸೂರು ಸೀಮೆಯ ರಾಗಿ ಹುಲ್ಲು, ಉತ್ತರದ ಜೋಳದ ಸೊಪ್ಪೆ, ಮಲೆನಾಡು ಮತ್ತು ಕರಾವಳಿಯ ಭತ್ತದ ಹುಲ್ಲು ಪೋಷಕಾಂಶದಲ್ಲಿ ಬಡವಾದರೂ ಮೆಲುಕಿಗೆ ಬೇಕಾದ ಉದ್ದನೆಯ ನಾರನ್ನು ಧಾರಾಳವಾಗಿ ಕೊಡುತ್ತವೆ. ಇವುಗಳಲ್ಲಿ ರಾಗಿ ಹುಲ್ಲು ಹೆಚ್ಚು ಸುಣ್ಣದಂಶವುಳ್ಳದ್ದು, ದನಕ್ಕೆ ರುಚಿಯಾದದ್ದು. ಭತ್ತದ ಹುಲ್ಲಿನಲ್ಲಿ ಸಿಲಿಕಾ ಅಧಿಕವಾದ್ದರಿಂದ ಅದು ಜೀರ್ಣವಾಗುವುದು ಕಷ್ಟ. ಹಿಂಡಿ, ಬೂಸಾಗಳನ್ನು ಹುಲ್ಲಿನ ಜೊತೆಗೆ ದಿನದಲ್ಲಿ ಎರಡು ಮೂರು ಸಲ ಹಂಚಿ ಕೊಡುವ ರೂಢಿಯೂ, ಹೊಸ ದಾಣಿಗೆ ಎರಡು ಮೂರು ವಾರಗಳಲ್ಲಿ ಮೆಲ್ಲಗೆ ಒಗ್ಗಿಸುವ ಕ್ರಮವೂ ರೂಮೆನ್ ಗೋಡೆಯನ್ನು ಕಾಯುತ್ತವೆ. ರೂಮೆನ್‌ನಲ್ಲಿ ಹುಟ್ಟುವ ಬ್ಯುಟಿರೇಟಿನ ಪ್ರಚೋದನೆಯಿಂದ ಗೋಡೆಯ ಮೇಲಿನ ನಾಲಗೆಯಂಥ ಪ್ಯಾಪಿಲ್ಲೆಗಳು ಬೆಳೆದು ಆಮ್ಲವನ್ನು ಬೇಗ ಹೀರಿಕೊಳ್ಳುವಷ್ಟು ಹರವಾಗಲು ಆ ಕಾಲಾವಕಾಶ ಬೇಕು. ಮೇವಿನ ಇಂಥ ಪ್ರಶ್ನೆಗಳ ಅಧ್ಯಯನಕ್ಕೆ 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಬೆಂಗಳೂರಿನಲ್ಲಿದೆ. ರಾಗಿಯ ತೌಡಿನ ನಾರನ್ನು ಕುರಿತು ಪಂಜಾಬಿನಲ್ಲಿ ನಡೆದ ಅಧ್ಯಯನವೂ ಇಲ್ಲಿ ಉಲ್ಲೇಖಾರ್ಹ: ಕೊಬ್ಬು ಹೆಚ್ಚಿರುವ ಆಹಾರ ತಿಂದ ಇಲಿಗಳಿಗೆ ಆ ತೌಡು ಬೆರೆಸಿ ಕೊಟ್ಟಾಗ ಉರಿಯೂತವೂ ಕರುಳಿನ ಬ್ಯಾಕ್ಟೀರಿಯಗಳ ಏರುಪೇರೂ ತಗ್ಗಿದವೆಂದು 2014ರಲ್ಲಿ ವರದಿಯಾಯಿತು.

ಇತರ ಪ್ರಾಣಿಗಳು

ಮಾಂಸಾಹಾರಿ ವರ್ಗದ ನಾಯಿಗೆ ನಾರು ಅನಿವಾರ್ಯವಲ್ಲದಿದ್ದರೂ ದೊಡ್ಡಕರುಳಿನ ದೀರ್ಘಕಾಲದ ಬೇಧಿಯಿಂದ ನರಳುವ ಹಲವು ನಾಯಿಗಳು ಸುಲಭವಾಗಿ ಜೀರ್ಣವಾಗುವ ಆಹಾರಕ್ಕೆ ಇಸಬ್‌ಗೋಲ್ ಬೆರೆಸಿದಾಗ ಗುಣಮುಖವಾಗುತ್ತವೆ. ಪಶುವೈದ್ಯರು ಇದನ್ನು ನಾರಿಗೆ ಸ್ಪಂದಿಸುವ ಬೇಧಿ ಎಂದೇ ಕರೆಯುತ್ತಾರೆ. ಸಾಕಣೆಯ ಸಾಲ್ಮನ್ ಮೀನಿಗೆ ಸೋಯಾ ಹಿಂಡಿ ಕೊಟ್ಟಾಗ ಕರುಳಿನ ಹಿಂಭಾಗದಲ್ಲಿ ಉರಿಯೂತ ಬರುವುದನ್ನು ನಾರ್ವೆಯ ವಿಜ್ಞಾನಿಗಳು 1996ರಲ್ಲಿ ವಿವರಿಸಿದರು. ಸಸ್ಯದ ನಾರಿನ ಮೇಲೆ ಸಂಶಯ ಬೀಳುವುದು ಸಹಜವಾದ ಆ ಸಂದರ್ಭದಲ್ಲಿ ಮುಂದಿನ ಪ್ರಯೋಗಗಳು ಬೊಟ್ಟು ಮಾಡಿದ್ದು ಸೋಯಾದ ಸ್ಯಾಪೊನಿನ್‌ಗಳ ಕಡೆಗೆ. ಸಸ್ಯಾಹಾರದಲ್ಲಿ ನಾರಿನ ಜೊತೆ ಬರುವ ಇತರ ಪದಾರ್ಥಗಳನ್ನು ಬೇರ್ಪಡಿಸಿ ನೋಡದೆ ತೀರ್ಪು ಕೊಡಬಾರದೆಂಬುದಕ್ಕೆ ಇದು ನಿದರ್ಶನ.

ಎಲೆಗಳನ್ನೇ ತಿಂದು ಬದುಕುವ, ಹಲವು ಕೋಣೆಗಳ ಹೊಟ್ಟೆಯಲ್ಲಿ ಅವನ್ನು ಹುದುಗಿಸುವ ವಿಯೆಟ್ನಾಂ ಕಡೆಯ ಡೂಕ್ ಲಂಗೂರ್‌ಗಳು ಮೃಗಾಲಯಗಳಲ್ಲಿ ಜಠರ ಮತ್ತು ಕರುಳಿನ ಕಾಯಿಲೆಗಳಿಂದ ಬಳಲುವುದು ಬಹುಕಾಲದಿಂದ ತಿಳಿದದ್ದು. 2016ರಲ್ಲಿ ಕಾಡಿನ, ಅರೆಕಾಡಿನ ಮತ್ತು ಮೃಗಾಲಯದ ಡೂಕ್‌ಗಳ ಮಲವನ್ನು ಹೋಲಿಸಿದಾಗ ಸೆರೆವಾಸ ಹೆಚ್ಚಿದಂತೆಲ್ಲ ಆಹಾರದಲ್ಲಿನ ಸಸ್ಯವೈವಿಧ್ಯವೂ ಕರುಳಿನ ಬ್ಯಾಕ್ಟೀರಿಯಗಳ ವೈವಿಧ್ಯವೂ ಕುಗ್ಗಿರುವುದು ಕಂಡಿತು. ಮೃಗಾಲಯದ ಮಂಗಗಳ ಕರುಳಿನಲ್ಲಿ ಕಾಡಿನಲ್ಲಿರುವ ಅವುಗಳ ಬಂಧುಗಳ ಬ್ಯಾಕ್ಟೀರಿಯಗಳು ಬಹಳಷ್ಟು ಕಳೆದುಹೋಗಿದ್ದವು, ಉಳಿದ ಕೂಟ ಇಂದಿನ ಮನುಷ್ಯರ ಕರುಳಿನದನ್ನು ಹೋಲತೊಡಗಿತ್ತು.